ನೆತ್ತರು ಕಾಣದ ಪೆಟ್ಟು: ಕುಸ್ತಿ ಮತ್ತು ಕಬಡ್ಡಿ ಕಣಗಳಲ್ಲಿ ಕಿರಿಯರ ಮಿದುಳಿನ ಆಘಾತ ಹಾಗೂ ಮರಳಿ ಆಡುವ ಕ್ರಮ

ಜನಪದ ಆಟಗಳ ಅಧ್ಯಯನವು ಕನ್ನಡದಲ್ಲಿ ಬಹುಮಟ್ಟಿಗೆ ಸಂಗ್ರಹ, ವರ್ಗೀಕರಣ ಮತ್ತು ವರ್ಣನೆಗಳ ನೆಲೆಯಲ್ಲಿ ಬೆಳೆದುಬಂದಿದೆ. ಆಟದ ಹೆಸರು, ಆಟಗಾರರ ಸಂಖ್ಯೆ, ಬೇಕಾಗುವ ಪರಿಕರ, ಆಡುವ ಕಾಲ, ಸೋಲು ಗೆಲುವುಗಳ ನಿರ್ಣಯ ಮೊದಲಾದ ಅಂಶಗಳು ವಿದ್ವಾಂಸರ ಗಮನ ಸೆಳೆದಿವೆ. ಆಟ ಯಾವಾಗ ನಿಲ್ಲಬೇಕು, ಪೆಟ್ಟು ತಿಂದವನು ಯಾರ ಮಾತಿನ ಮೇರೆಗೆ ಹೊರಗೆ ಹೋಗಬೇಕು, ಮರಳಿ ಯಾವಾಗ ಒಳಗೆ ಬರಬೇಕು ಎಂಬ ಕಟ್ಟಳೆಗಳತ್ತ ಅಷ್ಟು ಗಮನ ಹರಿದಿಲ್ಲ. ಆಡುವವರು ಹದಿಹರೆಯದವರಾಗಿದ್ದು, ಪೆಟ್ಟು ತಲೆಗೆ ಬಿದ್ದದ್ದಾದರೆ ಈ ಕಟ್ಟಳೆಗಳು ಜೀವನ್ಮರಣದ ಪ್ರಶ್ನೆಯಾಗುತ್ತವೆ. ಕುಸ್ತಿ ಮತ್ತು ಕಬಡ್ಡಿ ಕಣಗಳನ್ನು ಮುಖ್ಯವಾಗಿಟ್ಟುಕೊಂಡು, ಮಿದುಳಿನ ಆಘಾತವನ್ನು ಕುರಿತ ಇಂದಿನ ವೈದ್ಯಕೀಯ ತಿಳಿವಳಿಕೆಯನ್ನು ಪರಂಪರೆಯ ನಿಲುಗಡೆ ನಿಯಮಗಳೊಡನೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ನೆತ್ತರೇ ಗಡಿ: ಪರಂಪರೆಯ ನಿಲುಗಡೆ ನಿಯಮ

ಮೈಸೂರು ಅರಮನೆಯ ಆವರಣದಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವು ಈ ವಿಚಾರಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ. ಜಟ್ಟಿ ಮನೆತನಗಳಿಗೆ ಸೇರಿದ ಮಲ್ಲರು ತಲೆ ಬೋಳಿಸಿಕೊಂಡು, ಮುಷ್ಟಿಗೆ ಮೊನಚಾದ ಆಯುಧವನ್ನು ಧರಿಸಿ ಎದುರಾಗುತ್ತಾರೆ. ಕಾಳಗ ಬಹಳ ಹೊತ್ತು ನಡೆಯುವುದಿಲ್ಲ. ಒಬ್ಬನ ತಲೆಯಿಂದ ಮೊದಲ ಹನಿ ನೆತ್ತರು ಚಿಮ್ಮಿದೊಡನೆ ಹಿರಿಯರು ನಡುವೆ ಬಂದು ಇಬ್ಬರನ್ನೂ ಬಿಡಿಸುತ್ತಾರೆ. ಹೊರನೋಟಕ್ಕೆ ಕ್ರೂರವೆನಿಸುವ ಈ ಆಚರಣೆಯ ಒಳಗೆ ಮೂರು ನಿಯಮಗಳು ಅಡಕವಾಗಿವೆ. ನಿಲ್ಲಿಸುವ ಗುರುತು ಮೊದಲೇ ಗೊತ್ತುಪಡಿಸಿದ್ದು; ಅದು ಎಲ್ಲರ ಕಣ್ಣಿಗೂ ಕಾಣುವಂಥದ್ದು; ನಿಲ್ಲಿಸುವ ಅಧಿಕಾರ ಕಾದಾಡುವವನದಲ್ಲ, ಹಿರಿಯರದು. ನಿಂತದ್ದಕ್ಕಾಗಿ ಯಾರೂ ಯಾರನ್ನೂ ಹೇಡಿಯೆನ್ನುವುದಿಲ್ಲ.

ಗರಡಿಮನೆಯ ಶಿಸ್ತಿನಲ್ಲಿಯೂ ಇದೇ ವಿವೇಕವನ್ನು ಕಾಣಬಹುದು. ಮಲ್ಲವಿದ್ಯೆಗೆ ಕರ್ನಾಟಕದಲ್ಲಿ ದೀರ್ಘ ಪರಂಪರೆಯಿದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವು ಮಲ್ಲವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿರಿಸಿದೆ. ಮೈಸೂರು ಸೀಮೆಯಲ್ಲಿ ಉಸ್ತಾದರೆಂದೂ ಉತ್ತರ ಕರ್ನಾಟಕದಲ್ಲಿ ವಸ್ತಾದರೆಂದೂ ಕರೆಯಲ್ಪಡುವ ಗುರುಗಳು ಯಾವ ಹುಡುಗ ಎಷ್ಟು ಸಾಮು ಮಾಡಬೇಕು, ಏನು ತಿನ್ನಬೇಕು, ಯಾರೊಡನೆ ಹಿಡಿಯಬೇಕು ಎಂಬುದನ್ನು ನಿರ್ಧರಿಸುತ್ತಾರೆ. ದಸರಾ ಕುಸ್ತಿಗೆ ಮುನ್ನ ನಡೆಯುವ ‘ಜೋಡಿ ಕಟ್ಟುವ’ ಕಾರ್ಯದಲ್ಲಿ ಪೈಲ್ವಾನರ ಮೈಕಟ್ಟು, ತೂಕ ಮತ್ತು ಅನುಭವಗಳನ್ನು ನೋಡಿ ಸರಿಜೋಡಿಗಳನ್ನು ಗೊತ್ತುಮಾಡುತ್ತಾರೆ. ಮಟ್ಟಿಯನ್ನು ಅಗೆದು, ಹದಮಾಡಿ, ಮೃದುವಾಗಿಟ್ಟುಕೊಳ್ಳುವುದೂ ಬೀಳುವ ಮೈಯನ್ನು ಕಾಯುವ ಕ್ರಮವೇ ಆಗಿದೆ.

ಹೀಗೆ ದೇಸೀ ಕಣಗಳು ಕಟ್ಟಳೆಯಿಲ್ಲದ ಕಣಗಳಲ್ಲ. ಆದರೆ ಈ ಕಟ್ಟಳೆಗಳೆಲ್ಲ ಕಣ್ಣಿಗೆ ಕಾಣುವ ಗುರುತುಗಳನ್ನು ನಂಬಿ ರೂಪುಗೊಂಡಿವೆ. ನೆತ್ತರು ಕಂಡರೆ ಬಿಡಿಸುವುದು, ಮೂಳೆ ಮುರಿದರೆ ಹೊತ್ತೊಯ್ಯುವುದು, ಬೆನ್ನು ನೆಲಕ್ಕೆ ತಾಗಿ ಚಿತ್ ಆದರೆ ಸೋಲೆಂದು ಸಾರುವುದು ಇವೆಲ್ಲ ದೃಷ್ಟಿಗೋಚರ. ಮಿದುಳಿನ ಆಘಾತದಲ್ಲಿ ಇಂಥ ಯಾವ ಗುರುತೂ ಇರಬೇಕೆಂದಿಲ್ಲ. ಪರಂಪರೆಯ ನಿಯಮ ಸೋಲುವುದು ಇಲ್ಲಿಯೇ.

ತಲೆಯೊಳಗೆ ನಡೆಯುವುದು

ವೈದ್ಯರು ‘ಕನ್ಕಶನ್’ ಎಂದು ಕರೆಯುವ ಸ್ಥಿತಿಯನ್ನು ಕನ್ನಡದಲ್ಲಿ ‘ಮಿದುಳಿನ ಅದುರುಪೆಟ್ಟು’ ಎನ್ನಬಹುದು. ಮಿದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುವ ಮೃದುವಾದ ಅಂಗ. ತಲೆ ಥಟ್ಟನೆ ತಿರುಗಿದಾಗ ಅಥವಾ ವೇಗದಲ್ಲಿದ್ದುದು ಒಮ್ಮೆಗೇ ನಿಂತಾಗ ಮಿದುಳು ಒಳಗೆ ಅಲುಗಿ ತಿರುಚಿಕೊಳ್ಳುತ್ತದೆ. ನರಕೋಶಗಳ ಎಳೆಗಳು ಜಗ್ಗಿಹೋಗುತ್ತವೆ. ಇದಕ್ಕೆ ತಲೆಗೇ ನೇರವಾಗಿ ಪೆಟ್ಟು ಬೀಳಬೇಕೆಂಬ ನಿಯಮವಿಲ್ಲ. ಎದೆಗೋ ಭುಜಕ್ಕೋ ಬಿದ್ದ ಬಲವಾದ ಹೊಡೆತ ತಲೆಯನ್ನು ಜಾಡಿಸಿದರೂ ಸಾಕು.

ಜಗ್ಗಿದ ನರಕೋಶಗಳ ಪೊರೆಯ ಮೂಲಕ ಪೊಟ್ಯಾಸಿಯಮ್ ಹೊರಕ್ಕೂ ಕ್ಯಾಲ್ಸಿಯಮ್ ಒಳಕ್ಕೂ ಅಡ್ಡಾದಿಡ್ಡಿಯಾಗಿ ಹರಿಯುತ್ತವೆ. ಈ ಸಮತೋಲವನ್ನು ಮರಳಿ ಸರಿಪಡಿಸಲು ಕೋಶಗಳಿಗೆ ಅಪಾರ ಶಕ್ತಿ ಬೇಕಾಗುತ್ತದೆ. ಅದೇ ಹೊತ್ತಿನಲ್ಲಿ ಮಿದುಳಿಗೆ ರಕ್ತದ ಪೂರೈಕೆ ತಗ್ಗಿರುತ್ತದೆ. ಬೇಡಿಕೆ ಹೆಚ್ಚಿ ಪೂರೈಕೆ ಕುಗ್ಗಿದ ಈ ಬಿಕ್ಕಟ್ಟು ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಇರಬಹುದು. ಇದು ಮುಖ್ಯವಾಗಿ ಕಾರ್ಯದ ಏರುಪೇರೇ ಹೊರತು ರಚನೆಯ ಒಡಕಲ್ಲ. ಆದುದರಿಂದಲೇ ಸಾಮಾನ್ಯ ಸಿಟಿ ಸ್ಕ್ಯಾನಿನಲ್ಲಿ ಅದು ಕಾಣಿಸುವುದಿಲ್ಲ. ಸ್ಕ್ಯಾನ್ ತೆಗೆಯುವುದು ರಕ್ತಸ್ರಾವ, ಬುರುಡೆಯ ಬಿರುಕು ಮೊದಲಾದ ಬೇರೆ ಅಪಾಯಗಳು ಇಲ್ಲವೆಂದು ಖಚಿತಪಡಿಸಿಕೊಳ್ಳುವುದಕ್ಕೆ. ‘ಸ್ಕ್ಯಾನಿನಲ್ಲಿ ಏನೂ ಇಲ್ಲ, ಆದ್ದರಿಂದ ಆಡಬಹುದು’ ಎಂಬ ಸಾಮಾನ್ಯ ತೀರ್ಮಾನಕ್ಕೆ ಆಧಾರವಿಲ್ಲ.

ಎಚ್ಚರ ತಪ್ಪಿದರೆ ಮಾತ್ರ ಮಿದುಳಿಗೆ ಪೆಟ್ಟಾಗಿದೆ ಎಂಬುದು ಇನ್ನೊಂದು ವ್ಯಾಪಕ ನಂಬಿಕೆ. ವಾಸ್ತವದಲ್ಲಿ ಅದುರುಪೆಟ್ಟಿನ ಪ್ರಕರಣಗಳಲ್ಲಿ ಎಚ್ಚರ ತಪ್ಪುವುದು ಸುಮಾರು 100ಕ್ಕೆ 10ಕ್ಕಿಂತ ಕಡಿಮೆ. ಲಕ್ಷಣಗಳು ಕೂಡಲೇ ಕಾಣಿಸಬೇಕೆಂದೂ ಇಲ್ಲ. 2019ರ ಆಗಸ್ಟಿನಲ್ಲಿ ಲಾರ್ಡ್ಸ್ ಮೈದಾನದ ಟೆಸ್ಟ್ ಪಂದ್ಯದಲ್ಲಿ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಅವರ ಕುತ್ತಿಗೆಗೆ ಚೆಂಡು ಬಡಿಯಿತು. ಪರೀಕ್ಷೆಯ ನಂತರ ಅವರು ಅದೇ ದಿನ ಮರಳಿ ಬಂದು ಬ್ಯಾಟ್ ಮಾಡಿದರು. ಮರುದಿನ ಬೆಳಿಗ್ಗೆ ಲಕ್ಷಣಗಳು ತೋರಿದ್ದರಿಂದ ಅವರನ್ನು ಪಂದ್ಯದಿಂದ ಹೊರಗಿಟ್ಟು, ಆ ತಿಂಗಳ ಆರಂಭದಲ್ಲಷ್ಟೇ ಜಾರಿಗೆ ಬಂದಿದ್ದ ಬದಲಿ ಆಟಗಾರನ ನಿಯಮದಂತೆ ಮಾರ್ನಸ್ ಲಬುಶೇನ್ ಅವರನ್ನು ಆಡಿಸಲಾಯಿತು. ವೈದ್ಯರು ಜೊತೆಗಿದ್ದ ತಂಡದಲ್ಲಿಯೇ ಹೀಗಾಗುವುದಾದರೆ, ಹೋಬಳಿ ಮಟ್ಟದ ಕಣದಲ್ಲಿ ‘ಚೆನ್ನಾಗಿಯೇ ಇದ್ದಾನೆ’ ಎಂಬ ಮಾತಿಗೆ ಎಷ್ಟು ಬೆಲೆ ಕೊಡಬಹುದೆಂಬುದನ್ನು ಊಹಿಸಬಹುದು.

ಕಿರಿಯರ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಅವರ ಕತ್ತಿನ ಸ್ನಾಯುಗಳು ಬಲಿತಿರುವುದಿಲ್ಲ. ಮಿದುಳು ಬೆಳವಣಿಗೆಯ ಹಂತದಲ್ಲಿರುತ್ತದೆ. ವಯಸ್ಕರು ಸಾಮಾನ್ಯವಾಗಿ ಎರಡು ವಾರಗಳೊಳಗೆ ಚೇತರಿಸಿಕೊಂಡರೆ ಮಕ್ಕಳಿಗೂ ಹದಿಹರೆಯದವರಿಗೂ ನಾಲ್ಕು ವಾರಗಳವರೆಗೆ ಬೇಕಾಗಬಹುದು. ಮೊದಲ ಪೆಟ್ಟಿನಿಂದ ಚೇತರಿಸಿಕೊಳ್ಳುವ ಮುನ್ನವೇ ಎರಡನೆಯದು ಬಿದ್ದರೆ, ವಿರಳವಾಗಿಯಾದರೂ, ಮಿದುಳು ನಿಮಿಷಗಳಲ್ಲಿ ಬಾತುಕೊಂಡು ಸಾವು ಸಂಭವಿಸಬಹುದು. 1984ರಲ್ಲಿ ಅಮೆರಿಕದ ವೈದ್ಯರು ಇದನ್ನು ‘ಎರಡನೆಯ ಪೆಟ್ಟಿನ ಲಕ್ಷಣಕೂಟ’ವೆಂದು ಹೆಸರಿಸಿದರು. ಎರಡನೆಯ ಪೆಟ್ಟು ಜೋರಾಗಿರಬೇಕಾಗಿಲ್ಲ. ಇದಕ್ಕೆ ಬಲಿಯಾದವರೆಂದು ದಾಖಲಾದವರಲ್ಲಿ ಬಹುತೇಕರು ಎಳೆಯ ವಯಸ್ಸಿನವರು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಗೆ ಇದಕ್ಕಿಂತ ಕಠೋರವಾದ ಉದಾಹರಣೆ ಸಿಗಲಾರದು.

ಶಾಸ್ತ್ರವೂ ತನ್ನ ನಿಯಮವನ್ನು ಬದಲಿಸಿಕೊಂಡಿತು

ಪರಂಪರೆಗೆ ಗೊತ್ತಿರದಿದ್ದುದು ವೈದ್ಯಶಾಸ್ತ್ರಕ್ಕೆ ಮೊದಲಿನಿಂದಲೂ ಗೊತ್ತಿತ್ತೆಂದು ಭಾವಿಸುವುದು ಸರಿಯಾಗದು. ಮುಷ್ಟಿಯುದ್ಧದ ಪಟುಗಳು ವರ್ಷಾನುಗಟ್ಟಲೆ ತಲೆಗೆ ಹೊಡೆತ ತಿಂದು ಕುಡಿದವರಂತೆ ತೂರಾಡುವ ಸ್ಥಿತಿಯನ್ನು ಹ್ಯಾರಿಸನ್ ಮಾರ್ಟ್‌ಲೆಂಡ್ 1928ರಲ್ಲಿಯೇ ವಿವರಿಸಿದ್ದರು. ಆದರೂ ಎಳೆಯ ಆಟಗಾರರನ್ನು ಕುರಿತ ಎಚ್ಚರ ನಿಧಾನವಾಗಿ ಬೆಳೆಯಿತು. 1997ರಲ್ಲಿ ಅಮೆರಿಕದ ನರವೈದ್ಯರ ಅಕಾಡೆಮಿ ಪ್ರಕಟಿಸಿದ ಸೂತ್ರದ ಪ್ರಕಾರ, ಎಚ್ಚರ ತಪ್ಪದೆ 15 ನಿಮಿಷಗಳೊಳಗೆ ಲಕ್ಷಣಗಳು ಮಾಯವಾದರೆ ಆಟಗಾರನು ಅದೇ ಪಂದ್ಯಕ್ಕೆ ಮರಳಬಹುದಾಗಿತ್ತು.

2001ರಲ್ಲಿ ವಿಯೆನ್ನಾದಲ್ಲಿ ಕ್ರೀಡೆಯಲ್ಲಿನ ಅದುರುಪೆಟ್ಟನ್ನು ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2004ರಲ್ಲಿ ಪ್ರಾಗ್, 2008 ಮತ್ತು 2012ರಲ್ಲಿ ಜೂರಿಕ್, 2016ರಲ್ಲಿ ಬರ್ಲಿನ್, 2022ರಲ್ಲಿ ಆಮ್‌ಸ್ಟರ್‌ಡಾಮ್ ನಗರಗಳಲ್ಲಿ ಈ ಸರಣಿ ಮುಂದುವರಿಯಿತು. ಈ ಚರ್ಚೆಗಳ ಫಲವಾಗಿ 15 ನಿಮಿಷಗಳ ಸೂತ್ರ ಬಿದ್ದುಹೋಯಿತು. ಅದುರುಪೆಟ್ಟಿನ ಸಂಶಯ ಬಂದ ಆಟಗಾರನನ್ನು ಕೂಡಲೇ ಕಣದಿಂದ ತೆಗೆಯಬೇಕು. ಅದುರುಪೆಟ್ಟಾಗಿದ್ದರೆ ಅವನು ಆ ದಿನ ಮರಳಿ ಆಡಕೂಡದು ಎಂಬುದು ಈಗ ಎಲ್ಲರೂ ಒಪ್ಪಿದ ನಿಯಮ.

ಈ ನಿಯಮವು ಶಾಸನದ ರೂಪ ಪಡೆದುದರ ಹಿಂದೆ ಇಬ್ಬರು ಕಿರಿಯರ ದುರಂತಗಳಿವೆ. 2006ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 13 ವರ್ಷದ ಝಕೆರಿ ಲಿಸ್ಟೆಟ್ ಎಂಬ ಬಾಲಕ ಶಾಲೆಯ ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟು ತಿಂದು, ಸ್ವಲ್ಪ ಹೊತ್ತು ಹೊರಗಿದ್ದು, ಮತ್ತೆ ಆಡಿದ. ಪಂದ್ಯದ ಕೊನೆಯಲ್ಲಿ ಕುಸಿದುಬಿದ್ದ ಆತ ಬದುಕುಳಿದರೂ ಶಾಶ್ವತ ಅಂಗವೈಕಲ್ಯಕ್ಕೆ ಗುರಿಯಾದ. ಅವನ ಹೆಸರಿನಲ್ಲಿ 2009ರಲ್ಲಿ ಆ ರಾಜ್ಯ ಮಾಡಿದ ಶಾಸನಕ್ಕೆ ಮೂರು ಅಂಗಗಳಿವೆ: ಆಟಗಾರರಿಗೂ ಪೋಷಕರಿಗೂ ತಿಳಿವಳಿಕೆ ಕೊಡುವುದು, ಸಂಶಯ ಬಂದೊಡನೆ ಹೊರಗೆ ತೆಗೆಯುವುದು, ಅರ್ಹ ವೈದ್ಯಕೀಯ ತಜ್ಞರ ಲಿಖಿತ ಒಪ್ಪಿಗೆಯಿಲ್ಲದೆ ಮರಳಿ ಸೇರಿಸಿಕೊಳ್ಳದಿರುವುದು. 2014ರ ಹೊತ್ತಿಗೆ ಆ ದೇಶದ ಎಲ್ಲ 50 ರಾಜ್ಯಗಳೂ ಇಂಥ ಶಾಸನಗಳನ್ನು ಮಾಡಿದ್ದವು. ಕೆನಡಾದ ಒಟ್ಟಾವ ನಗರದ ರೊವಾನ್ ಸ್ಟ್ರಿಂಗರ್ ಎಂಬ 17 ವರ್ಷದ ಹುಡುಗಿ 2013ರಲ್ಲಿ ಕೆಲವೇ ದಿನಗಳ ಅಂತರದಲ್ಲಿ ರಗ್ಬಿ ಆಟದಲ್ಲಿ ಮತ್ತೆ ಮತ್ತೆ ಪೆಟ್ಟು ತಿಂದು ತೀರಿಕೊಂಡಳು. ತನಗೆ ಅದುರುಪೆಟ್ಟು ಆಗಿರಬಹುದೆಂಬ ಅನುಮಾನವನ್ನು ಅವಳು ಗೆಳತಿಯರೊಡನೆ ಹೇಳಿಕೊಂಡಿದ್ದಳು, ಹಿರಿಯರಿಗೆ ತಿಳಿಸಿರಲಿಲ್ಲ. 2018ರಲ್ಲಿ ಒಂಟಾರಿಯೊ ಪ್ರಾಂತ ಅವಳ ಹೆಸರಿನಲ್ಲಿ ಶಾಸನ ಮಾಡಿತು. ಹುಡುಗ ಮರಳಿ ಕಣಕ್ಕಿಳಿದದ್ದು, ಹುಡುಗಿ ಹಿರಿಯರಿಂದ ಮುಚ್ಚಿಟ್ಟದ್ದು ಈ ಎರಡೂ ಕನ್ನಡ ನಾಡಿನ ಕಣಗಳಿಗೆ ಅಪರಿಚಿತವಾದ ಸಂಗತಿಗಳಲ್ಲ.

ಮೀಸೆ ಮಣ್ಣಾಗದ ಜಟ್ಟಿ

‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆ ಸೋಲನ್ನು ಒಪ್ಪದವನನ್ನು ಕುರಿತ ಲೇವಡಿ. ಲೇವಡಿಯಾದರೂ ಅದು ಕಣದ ಮನೋಧರ್ಮವನ್ನು ಸರಿಯಾಗಿ ಹಿಡಿದಿದೆ. ಬಿದ್ದವನು ಬೀಳಲಿಲ್ಲವೆಂದು ತೋರಿಸಿಕೊಳ್ಳಬೇಕು, ನೊಂದವನು ನೋವಿಲ್ಲವೆನ್ನಬೇಕು. ಮೈಮೇಲಿನ ಮಣ್ಣು ಕೊಡವಿ ತೊಡೆ ತಟ್ಟಿ ಎದ್ದು ನಿಲ್ಲುವವನಿಗೆ ಸಿಳ್ಳೆ ಚಪ್ಪಾಳೆಗಳು ದೊರೆಯುತ್ತವೆ. ಹದಿನಾಲ್ಕು ಹದಿನೈದು ವಯಸ್ಸಿನ ಹುಡುಗನಿಗೆ ಊರಿನ ಮುಂದೆ ದೊರೆಯುವ ಈ ಮನ್ನಣೆಯನ್ನು ಬಿಟ್ಟುಕೊಡುವುದು ಸುಲಭವಲ್ಲ.

ಕಬಡ್ಡಿಯ ರಚನೆಯಲ್ಲಿಯೇ ಈ ಮನೋಧರ್ಮಕ್ಕೆ ಇನ್ನೊಂದು ಆಸರೆಯಿದೆ. ಹಳ್ಳಿಯ ಆಟದಲ್ಲಿ ಔಟಾದವನು ‘ಸತ್ತ’ವನು, ತನ್ನ ಕಡೆಯವರು ಎದುರಾಳಿಯೊಬ್ಬನನ್ನು ಔಟು ಮಾಡಿದರೆ ಅವನಿಗೆ ‘ಜೀವ’ ಬರುತ್ತದೆ. ಸಾವು, ಮರುಹುಟ್ಟು ಎರಡೂ ಕೆಲವು ನಿಮಿಷಗಳ ಮಾತು. ಆಟದ ಈ ಸೊಗಸಾದ ಕಲ್ಪನೆ ಮೈಗೆ ಬಿದ್ದ ನಿಜವಾದ ಪೆಟ್ಟಿಗೂ ಹಬ್ಬಿದಾಗ ಅಪಾಯ ತಲೆದೋರುತ್ತದೆ. ದಾಳಿಗಾರನ ಮೇಲೆ ಇಬ್ಬರು ರಕ್ಷಕರು ಎರಡು ಕಡೆಯಿಂದ ಎರಗುವಾಗ ತಲೆಗೆ ತಲೆ ಬಡಿಯುವುದು, ಪಾದ ಹಿಡಿಯಲು ಬಾಗಿದವನ ಹಣೆಗೆ ದಾಳಿಗಾರನ ಮೊಣಕಾಲು ತಗಲುವುದು, ಎತ್ತಿ ಒಗೆದಾಗ ಹಿಂದಲೆ ನೆಲಕ್ಕೆ ಅಪ್ಪಳಿಸುವುದು ಈ ಆಟದಲ್ಲಿ ಸಂಭವನೀಯ. ಕುಸ್ತಿಯಲ್ಲಿ ಎತ್ತಿ ಕೆಡವುವ ಪಟ್ಟುಗಳಲ್ಲಿಯೂ, ಇಬ್ಬರೂ ಒಟ್ಟಿಗೆ ಒಳನುಗ್ಗುವಾಗಲೂ ಇದೇ ಭಯವಿದೆ.

ಊರ ಹಬ್ಬ ಜಾತ್ರೆಗಳ ಸಂದರ್ಭದಲ್ಲಿ ಏರ್ಪಡುವ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳು ಈ ಭಯವನ್ನು ಹೆಚ್ಚಿಸುತ್ತವೆ. ಸಂಜೆ ಆರಂಭವಾದ ಪಂದ್ಯಗಳು ಬೆಳಗಿನ ಜಾವದವರೆಗೆ ನಡೆಯುತ್ತವೆ. ಗೆಲ್ಲುತ್ತ ಹೋಗುವ ತಂಡ ಒಂದೇ ರಾತ್ರಿ ಹಲವು ಪಂದ್ಯಗಳನ್ನು ಆಡಬೇಕಾಗುತ್ತದೆ. ಮೊದಲ ಪಂದ್ಯದಲ್ಲಿ ತಲೆಗೆ ಪೆಟ್ಟು ತಿಂದ ಹುಡುಗ ಮುಖ ತೊಳೆದುಕೊಂಡು, ಒಂದು ಗಂಟೆಯ ನಂತರ ಮುಂದಿನ ಪಂದ್ಯಕ್ಕೆ ಇಳಿಯುತ್ತಾನೆ. ಕೂಡದೆಂದು ವೈದ್ಯಶಾಸ್ತ್ರ ಹೇಳುವ ‘ಅದೇ ದಿನದ ಮರಳಿಕೆ’ ಇಲ್ಲಿ ಪಂದ್ಯಾವಳಿಯ ವೇಳಾಪಟ್ಟಿಯಲ್ಲಿಯೇ ಸೇರಿಹೋಗಿದೆ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ ಈ ಆಟ ಕಿರಿಯರಿಗೆ ಬದುಕಿನ ದಾರಿಯಾಗಿಯೂ ಕಾಣತೊಡಗಿದೆ. ಆಯ್ಕೆಗಾರರ ಕಣ್ಣಿಗೆ ಬೀಳುವ ಹಂಬಲದಲ್ಲಿ ನೋವನ್ನು ಮುಚ್ಚಿಡುವ ಒತ್ತಡವೂ ಅದರೊಡನೆ ಸೇರಿದೆ.

ಲಕ್ಷಣಗಳ ಕನ್ನಡ

ಕಾಣದ ಪೆಟ್ಟನ್ನು ಗುರುತಿಸಲು ಉಳಿದಿರುವ ಮುಖ್ಯ ದಾರಿ ಪೆಟ್ಟು ತಿಂದವನ ಮಾತು ಮತ್ತು ನಡೆ. ಈ ವಿಷಯದಲ್ಲಿ ಆಡುನುಡಿ ಬಡವಾಗಿಲ್ಲ. ತಲೆ ಧಿಮ್ಮೆಂದಿತು, ಕಣ್ಣು ಕತ್ತಲಿಟ್ಟಿತು, ಕಿವಿ ಗುಂಯ್ಗುಟ್ಟಿತು, ತಲೆ ಗಿರ್ರೆಂದಿತು, ಹೊಟ್ಟೆ ತೊಳೆಸಿತು, ಮಂಕು ಕವಿಯಿತು, ದಿಕ್ಕು ತೋಚಲಿಲ್ಲ, ಬೆಳಕು ಚುಚ್ಚಿತು ಇವು ಜನ ದಿನನಿತ್ಯ ಬಳಸುವ ಮಾತುಗಳು. ವೈದ್ಯರ ಲಕ್ಷಣಪಟ್ಟಿಯಲ್ಲಿರುವ ತಲೆಯ ಒತ್ತಡ, ದೃಷ್ಟಿಮಾಂದ್ಯ, ತಲೆಸುತ್ತು, ವಾಕರಿಕೆ, ಗೊಂದಲ, ಬೆಳಕನ್ನು ಸಹಿಸಲಾಗದಿರುವಿಕೆ ಮೊದಲಾದವುಗಳಿಗೆ ಇವು ಸಮೀಪದ ಸಮಾನಾರ್ಥಕಗಳು.

ಇದು ಕೇವಲ ಪದಕೋಶದ ಕುತೂಹಲವಲ್ಲ. ‘ಆರಾಮಾಗಿದ್ದೀಯಾ?’ ಎಂದು ಕೇಳಿದರೆ ಹುಡುಗ ‘ಆರಾಮಾಗಿದ್ದೇನೆ’ ಎನ್ನುತ್ತಾನೆ. ಆ ಪ್ರಶ್ನೆ ಅವನ ಮರ್ಯಾದೆಯನ್ನು ಕೆಣಕುತ್ತದೆ. ‘ಬಿದ್ದಾಗ ಕಣ್ಣು ಕತ್ತಲಿಟ್ಟಿತೆ? ಈಗ ಕಿವಿ ಗುಂಯ್ಗುಡುತ್ತಿದೆಯೆ?’ ಎಂದು ಒಂದೊಂದಾಗಿ ಕೇಳಿದರೆ ಉತ್ತರ ಬೇರೆಯಾಗಬಹುದು. ಇದರೊಡನೆ ನೆನಪಿನ ಪ್ರಶ್ನೆಗಳೂ ಬೇಕು: ಈಗ ಆಡುತ್ತಿರುವುದು ಯಾವ ಊರಿನ ಕಣ, ಎದುರಾಳಿ ತಂಡ ಯಾವುದು, ಕೊನೆಯ ಅಂಕ ಯಾರು ಗಳಿಸಿದರು ಇತ್ಯಾದಿ. ನೋಡುವವರು ಗಮನಿಸಬೇಕಾದ ಗುರುತುಗಳೂ ಇವೆ. ಬಿದ್ದವನು ಅಲುಗಾಡದೆ ಮಲಗಿರುವುದು, ಎದ್ದವನ ಹೆಜ್ಜೆ ತಪ್ಪುವುದು, ಶೂನ್ಯದೃಷ್ಟಿ, ತನ್ನ ಅಂಕಣ ಬಿಟ್ಟು ಬೇರೆಡೆಗೆ ಹೋಗಿ ನಿಲ್ಲುವುದು, ಕೇಳಿದ್ದಕ್ಕೆ ತಡವಾಗಿ ಉತ್ತರಿಸುವುದು ಮುಖ್ಯವಾದವು. ವೈದ್ಯರು ಬಳಸುವ ಪರೀಕ್ಷಾಕ್ರಮಕ್ಕೆ ಕನಿಷ್ಠ 10ರಿಂದ 15 ನಿಮಿಷ ಬೇಕಾಗುತ್ತದೆ. ಒಂದೆರಡು ನಿಮಿಷಗಳ ವಿರಾಮದಲ್ಲಿ ಬೆರಳು ಎಣಿಸಿ ಒಳಗೆ ಕಳುಹಿಸುವುದನ್ನು ಪರೀಕ್ಷೆಯೆನ್ನಲಾಗದು.

ಕಣದ ಬದಿಯ ಉಪಚಾರ

ತಲೆಗೆ ಪೆಟ್ಟು ಬಿದ್ದಾಗ ಮುಖಕ್ಕೆ ನೀರು ಚಿಮುಕಿಸುವುದು, ಈರುಳ್ಳಿ ಜಜ್ಜಿ ಮೂಸಿಸುವುದು, ನೆತ್ತಿಗೆ ಎಣ್ಣೆ ತಟ್ಟುವುದು, ನಿದ್ದೆ ಮಾಡಗೊಡದಿರುವುದು ರೂಢಿಯಲ್ಲಿರುವ ಉಪಚಾರಗಳು. ಇವುಗಳನ್ನು ಒಟ್ಟಾಗಿ ಮೌಢ್ಯವೆಂದು ತಳ್ಳುವುದಕ್ಕಿಂತ ಒಂದೊಂದನ್ನೂ ತೂಗಿ ನೋಡುವುದು ಉಚಿತ. ನೀರು, ಈರುಳ್ಳಿಗಳು ಹುಡುಗನನ್ನು ಎಚ್ಚರಗೊಂಡಂತೆ ತೋರಿಸಬಹುದೇ ಹೊರತು ಮಿದುಳನ್ನು ಗುಣಪಡಿಸಲಾರವು. ಎಚ್ಚರಗೊಂಡಂತೆ ಕಂಡವನನ್ನು ಮತ್ತೆ ಆಡಿಸುವುದರಿಂದ ಅವು ಅಪಾಯಕ್ಕೆ ದಾರಿಯಾಗುತ್ತವೆ. ಎಣ್ಣೆ ತಟ್ಟುವಾಗ ತಲೆಯನ್ನು ಅಲುಗಿಸುವುದು ಕುತ್ತಿಗೆಗೂ ಪೆಟ್ಟಾಗಿದ್ದ ಪಕ್ಷದಲ್ಲಿ ಕೇಡು ತರುತ್ತದೆ. ನಿದ್ದೆಯ ನಿಷೇಧದಲ್ಲಿ ಮಾತ್ರ ಒಂದು ತಿರುಳಿದೆ. ಪೆಟ್ಟು ತಿಂದವನನ್ನು ಮೊದಲ ಕೆಲವು ಗಂಟೆ ಒಂಟಿಯಾಗಿ ಬಿಡಬಾರದು, ಅವನ ಸ್ಥಿತಿ ಕೆಡುತ್ತಿದೆಯೇ ಎಂದು ನೋಡುತ್ತಿರಬೇಕು ಎಂಬುದು ಇಂದಿನ ಸಲಹೆಯೂ ಹೌದು. ವೈದ್ಯರು ನೋಡಿ ಅಪಾಯವಿಲ್ಲವೆಂದ ಮೇಲೆ ನಿದ್ದೆಯಿಂದ ಕೇಡಿಲ್ಲ. ಚೇತರಿಕೆಗೆ ಅದು ಅಗತ್ಯ.

ಕೂಡಲೇ ಆಸ್ಪತ್ರೆಗೆ ಒಯ್ಯಬೇಕಾದ ಸೂಚನೆಗಳನ್ನು ಪ್ರತ್ಯೇಕವಾಗಿ ತಿಳಿದಿರಬೇಕು. ಎಚ್ಚರ ತಪ್ಪುವುದು, ಮತ್ತೆ ಮತ್ತೆ ವಾಂತಿ, ಏರುತ್ತ ಹೋಗುವ ತಲೆನೋವು, ಸೆಳವು, ವಸ್ತುಗಳು ಎರಡೆರಡಾಗಿ ಕಾಣುವುದು, ಕೈಕಾಲುಗಳಲ್ಲಿ ಜುಮ್ಮು ಅಥವಾ ಬಲಹೀನತೆ, ಕುತ್ತಿಗೆಯಲ್ಲಿ ತೀವ್ರ ನೋವು, ಹೆಚ್ಚುತ್ತಿರುವ ಗೊಂದಲ ಅಥವಾ ಸಿಡುಕು ಈ ಸೂಚನೆಗಳಲ್ಲಿ ಒಂದು ಕಂಡರೂ ತಡಮಾಡುವಂತಿಲ್ಲ. ಕುತ್ತಿಗೆಯ ಪೆಟ್ಟಿನ ಸಂಶಯವಿದ್ದರೆ, ತಿಳಿದವರು ಬರುವವರೆಗೆ ಬಿದ್ದವನನ್ನು ಎತ್ತಿ ಕೂರಿಸುವ ಪ್ರಯತ್ನ ಮಾಡಬಾರದು.

ಮರಳುವ ಹಂತಗಳು: ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’

ಲಕ್ಷಣಗಳು ಪೂರ್ತಿ ಹೋಗುವವರೆಗೆ ಕತ್ತಲೆ ಕೋಣೆಯಲ್ಲಿ ಮಲಗಿರಬೇಕೆಂಬುದು ಹಿಂದಿನ ಸಲಹೆಯಾಗಿತ್ತು. ಅದು ಪ್ರಯೋಜನಕಾರಿಯಲ್ಲವೆಂದು ಈಗ ತಿಳಿದುಬಂದಿದೆ. ಮೊದಲ 24ರಿಂದ 48 ಗಂಟೆ ಮನೆಯಲ್ಲಿ ಹಗುರವಾದ ದಿನಚರಿ, ಮೊಬೈಲ್ ಮತ್ತು ಟಿ.ವಿ. ಪರದೆಯಿಂದ ಆದಷ್ಟು ಬಿಡುವು, ಅನಂತರ ಮೆಲ್ಲಗೆ ಚಲನೆ ಎಂಬುದು ಆಮ್‌ಸ್ಟರ್‌ಡಾಮ್ ಸಮ್ಮೇಳನದ ನಿಲುವು.

ಮರಳುವ ದಾರಿಯನ್ನು ಆರು ಹಂತಗಳಾಗಿ ವಿಂಗಡಿಸಲಾಗಿದೆ. ಮೊದಲನೆಯದು ಲಕ್ಷಣಗಳನ್ನು ಕೆರಳಿಸದ ದೈನಂದಿನ ಚಟುವಟಿಕೆ. ಎರಡನೆಯದು ನಡಿಗೆ, ಹಗುರವಾದ ಸೈಕಲ್ ತುಳಿತ ಮೊದಲಾದ ವ್ಯಾಯಾಮ. ಮೂರನೆಯದು ಒಂಟಿಯಾಗಿ ಮಾಡುವ, ಆಟಕ್ಕೆ ಸಂಬಂಧಿಸಿದ ಅಭ್ಯಾಸ. ಕಬಡ್ಡಿಯವನಿಗೆ ಎದುರಾಳಿಯಿಲ್ಲದ ಕಾಲ್ಚಳಕ, ಪೈಲ್ವಾನನಿಗೆ ಜೋಡಿಯಿಲ್ಲದ ಸಾಮು. ತಲೆಯ ಮೇಲೆ ಭಾರ ಬೀಳುವ ಕತ್ತಿನ ಕಸರತ್ತು, ಶೀರ್ಷಾಸನಗಳು ಈ ಹಂತದಲ್ಲಿ ಸಲ್ಲವು. ನಾಲ್ಕನೆಯದು ತಂಡದೊಡನೆ, ಆದರೆ ಮೈ ತಾಗದಂತೆ ಮಾಡುವ ಅಭ್ಯಾಸ. ಐದನೆಯದು ಹಿಡಿತ, ಎಸೆತಗಳನ್ನು ಒಳಗೊಂಡ ಪೂರ್ಣ ಅಭ್ಯಾಸ. ಆರನೆಯದು ಪಂದ್ಯ. ಪ್ರತಿ ಹಂತಕ್ಕೂ ಕನಿಷ್ಠ 24 ಗಂಟೆ ಬೇಕು. ಮೊದಲ ಮೂರು ಹಂತಗಳಲ್ಲಿ ಲಕ್ಷಣಗಳು ತುಸು ಕೆರಳಿ ಬೇಗನೆ ಇಳಿದರೆ ಅದು ಸಹ್ಯ. ಹೆಚ್ಚು ಕೆರಳಿದರೆ ಆ ದಿನಕ್ಕೆ ನಿಲ್ಲಿಸಿ ಮರುದಿನ ಪ್ರಯತ್ನಿಸಬೇಕು. ನಾಲ್ಕನೆಯ ಹಂತ ಮತ್ತು ಮುಂದಿನವು ಲಕ್ಷಣಗಳು ಸಂಪೂರ್ಣ ಹೋದ ಮೇಲೆಯೇ ಆರಂಭವಾಗಬೇಕು. ತಲೆಗೆ ಪೆಟ್ಟು ತಗಲುವ ಸಂಭವವಿರುವ ಯಾವ ಅಭ್ಯಾಸಕ್ಕೂ ಮುನ್ನ ವೈದ್ಯರ ಒಪ್ಪಿಗೆ ಬೇಕು. ಬ್ರಿಟನ್ನಿನಲ್ಲಿ 2023ರಲ್ಲಿ ತಳಮಟ್ಟದ ಕ್ರೀಡೆಗೆ ನೀಡಿದ ಮಾರ್ಗಸೂಚಿ ಇನ್ನೂ ಬಿಗಿಯಾಗಿದ್ದು, ಪೆಟ್ಟು ಬಿದ್ದ ದಿನದಿಂದ ಕನಿಷ್ಠ 21 ದಿನ ಸ್ಪರ್ಧೆಗೆ ಇಳಿಯದಂತೆ ಹೇಳುತ್ತದೆ. ವೈದ್ಯರು ಸುಲಭವಾಗಿ ದೊರೆಯದ ಕಣಗಳಿಗೆ ಇಂಥ ಸರಳವಾದ ದಿನಗಳ ಎಣಿಕೆ ಹೆಚ್ಚು ಉಪಯುಕ್ತ. ವಿದ್ಯಾರ್ಥಿಗಳ ವಿಷಯದಲ್ಲಿ ಪಾಠಕ್ಕೆ ಮರಳುವುದು ಆಟಕ್ಕೆ ಮರಳುವುದಕ್ಕಿಂತ ಮುಂದಿರಬೇಕು. ತರಗತಿಯಲ್ಲಿ ತಲೆನೋವಿಲ್ಲದೆ ಕುಳಿತಿರಲಾರದವನು ಕಣದಲ್ಲಿ ನಿಲ್ಲಲು ಅರ್ಹನಲ್ಲ.

ಈ ನಡುವಿನ ಸ್ಥಿತಿಯನ್ನು ಹುಡುಗ ಸಹಿಸುವುದು ಕಷ್ಟ. ಹೊರಗೂ ಅಲ್ಲ, ಒಳಗೂ ಅಲ್ಲ ಎಂಬ ನೆಲೆ ಅವಮಾನಕರವಾಗಿ ತೋರುತ್ತದೆ. ಮಕ್ಕಳ ಆಟಗಳು ಈ ಸಮಸ್ಯೆಗೆ ತಮ್ಮದೇ ಪರಿಹಾರವನ್ನು ಕಂಡುಕೊಂಡಿವೆ. ಲಗೋರಿ, ಮರಕೋತಿ, ಕಣ್ಣಾಮುಚ್ಚಾಲೆಗಳಲ್ಲಿ ತೀರ ಚಿಕ್ಕ ಮಗುವನ್ನು ಹೊರಗೆ ಹಾಕುವುದಿಲ್ಲ. ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಾರೆ. ಅದು ಎಲ್ಲರೊಡನೆ ಓಡುತ್ತದೆ, ಆದರೆ ಅದನ್ನು ಯಾರೂ ಔಟು ಮಾಡುವುದಿಲ್ಲ. ದೊಡ್ಡವರ ಬಾಯಲ್ಲಿ ಈ ಮಾತು ಹೀಯಾಳಿಕೆಯಾಗಿದ್ದರೂ ಮಕ್ಕಳ ಲೋಕದಲ್ಲಿ ಅದು ಕರುಣೆಯ ಕಟ್ಟಳೆ. ಅದೇ ರೀತಿ, ಆಟದ ನಡುವೆ ಕಾಲಿಗೆ ಮುಳ್ಳು ಚುಚ್ಚಿದವನು ‘ಟೈಂ ಪ್ಲೀಸ್’ ಎಂದು ಕೂಗಿ, ಸೋಲದೆ, ಮರ್ಯಾದೆ ಕಳೆದುಕೊಳ್ಳದೆ ಹೊರಗೆ ನಿಲ್ಲಬಹುದು. ಎರವಲು ಮಾತಾದರೂ ಬೀದಿಯ ಆಟಗಳಲ್ಲಿ ಅದು ಗಟ್ಟಿ ನಿಯಮವಾಗಿ ನೆಲೆಗೊಂಡಿದೆ. ಮಕ್ಕಳ ಬೀದಿಯಾಟದಲ್ಲಿರುವ ಈ ಎರಡು ಸೌಲಭ್ಯಗಳು, ಬಹುಮಾನ ಮತ್ತು ಪ್ರೇಕ್ಷಕರಿರುವ ಪಂದ್ಯಾವಳಿಗೆ ಬಂದಾಗ ಕಾಣೆಯಾಗುತ್ತವೆ. ಮೂರು ಮತ್ತು ನಾಲ್ಕನೆಯ ಹಂತಗಳಲ್ಲಿರುವ ಆಟಗಾರನಿಗೆ ಬೇಕಾಗಿರುವುದು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಸ್ಥಾನವೇ. ಸಮವಸ್ತ್ರ ತೊಟ್ಟು ತಂಡದೊಡನೆ ಕೂರುವ, ಅಭ್ಯಾಸದಲ್ಲಿ ಭಾಗಿಯಾಗುವ ಹಕ್ಕು ಅವನಿಗಿರಬೇಕು. ಹಿಡಿಯುವ, ಹಿಡಿಸಿಕೊಳ್ಳುವ ಸರದಿ ಬರಬಾರದು.

ಉಸ್ತಾದರ ಮಾತು

ಪರಂಪರೆಯ ಕಣದಲ್ಲಿ ನಿಲ್ಲಿಸುವ ಅಧಿಕಾರ ಹಿರಿಯರ ಕೈಯಲ್ಲಿದೆ ಎಂಬುದನ್ನು ಆರಂಭದಲ್ಲಿ ಗಮನಿಸಲಾಯಿತು. ಮಿದುಳಿನ ಆಘಾತದ ವಿಷಯದಲ್ಲಿ ಈ ವ್ಯವಸ್ಥೆಗಿಂತ ಸೂಕ್ತವಾದುದು ಬೇರೊಂದಿಲ್ಲ. ಪೆಟ್ಟು ತಿಂದ ಮಿದುಳು ತನ್ನ ಸ್ಥಿತಿಯನ್ನು ತಾನೇ ಅಳೆಯಲಾರದು, ತೀರ್ಮಾನ ಬೇರೊಬ್ಬರದಾಗಿರಬೇಕು. ಉಸ್ತಾದರು ‘ಇವತ್ತು ಬೇಡ’ ಎಂದರೆ ಶಿಷ್ಯ ಎದುರಾಡುವುದಿಲ್ಲ. ಅವನ ಗೌರವಕ್ಕೂ ಕುಂದಿಲ್ಲ. ಶಾಲಾ ಕ್ರೀಡಾಕೂಟಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕರು ಇದೇ ಸ್ಥಾನದಲ್ಲಿದ್ದಾರೆ. ಬದಲಾಗಬೇಕಾದದ್ದು ಅಧಿಕಾರದ ನೆಲೆಯಲ್ಲ, ಗುರುತಿನ ನೆಲೆ. ನೆತ್ತರು ಕಂಡರೆ ಬಿಡಿಸು ಎಂಬ ನಿಯಮಕ್ಕೆ, ಕಣ್ಣು ಕತ್ತಲಿಟ್ಟಿತೆಂದರೂ ಬಿಡಿಸು ಎಂಬ ನಿಯಮವನ್ನು ಸೇರಿಸಬೇಕಾಗಿದೆ.

ಇದನ್ನು ಆಚರಣೆಗೆ ತರಲು ಹೊಸ ಸಂಸ್ಥೆಗಳು ಬೇಕಾಗಿಲ್ಲ. ಇರುವ ಸಂದರ್ಭಗಳೇ ಸಾಕು. ಜೋಡಿ ಕಟ್ಟುವಾಗ ತೂಕದೊಡನೆ, ಕಳೆದ ಒಂದು ತಿಂಗಳಲ್ಲಿ ತಲೆಗೆ ಪೆಟ್ಟು ಬಿದ್ದಿದೆಯೇ ಎಂದು ಶಿಷ್ಯನನ್ನೂ ಅವನ ಗರಡಿಯ ಉಸ್ತಾದರನ್ನೂ ಕೇಳಬಹುದು. ಹೊನಲು ಬೆಳಕಿನ ಪಂದ್ಯಾವಳಿಯ ಕರಪತ್ರದಲ್ಲಿ ಪ್ರವೇಶ ಶುಲ್ಕ, ಬಹುಮಾನಗಳ ವಿವರದೊಡನೆ, ತಲೆಗೆ ಪೆಟ್ಟು ಬಿದ್ದ ಆಟಗಾರ ಆ ರಾತ್ರಿ ಮತ್ತೆ ಆಡುವಂತಿಲ್ಲವೆಂಬ ಸಾಲನ್ನು ಅಚ್ಚು ಮಾಡಿಸಬಹುದು. ಅವನ ಬದಲಿಗೆ ಇನ್ನೊಬ್ಬನನ್ನು ಇಳಿಸಲು ತಂಡಕ್ಕೆ ಅವಕಾಶವಿತ್ತರೆ ಪೆಟ್ಟನ್ನು ಮುಚ್ಚಿಡುವ ಕಾರಣವೂ ಕಡಿಮೆಯಾಗುತ್ತದೆ. ಕ್ರಿಕೆಟ್ಟಿನಲ್ಲಿ 2019ರಲ್ಲಿಯೂ ಫುಟ್‌ಬಾಲಿನ ನಿಯಮಾವಳಿಯಲ್ಲಿ 2024ರಲ್ಲಿಯೂ ಬಂದ ಬದಲಿ ಆಟಗಾರನ ಅವಕಾಶದ ಹಿಂದಿರುವ ತರ್ಕವೂ ಇದೇ. ಗೆಳೆಯನ ಪೆಟ್ಟನ್ನು ಹಿರಿಯರಿಗೆ ತಿಳಿಸುವುದು ಚಾಡಿಯಲ್ಲ, ಜೊತೆಗಾರಿಕೆಯ ಧರ್ಮ ಎಂಬುದನ್ನು ಮಕ್ಕಳಿಗೆ ಕಲಿಸಬೇಕಾಗಿದೆ.

ಅಪಾಯದಿಂದ ಪಾರಾದಾಗ ‘ತಲೆಗೆ ಬಂದದ್ದು ರುಮಾಲಿಗೆ ಹೋಯಿತು’ ಎಂದು ಜನ ಸಮಾಧಾನ ಪಡುತ್ತಾರೆ. ಮಿದುಳಿನ ಅದುರುಪೆಟ್ಟಿನಲ್ಲಿ ರುಮಾಲಿಗೆ ಏನೂ ಆಗಿರುವುದಿಲ್ಲ. ಬಂದದ್ದು ನೇರವಾಗಿ ಒಳಗೆ ಹೋಗಿರುತ್ತದೆ. ಒಂದು ಪಂದ್ಯ ತಪ್ಪಿದರೆ ಮುಂದಿನ ಜಾತ್ರೆಗೆ ಮತ್ತೊಂದು ಬರುತ್ತದೆ. ಹದಿನೈದರ ಹುಡುಗನಿಗೆ ಆ ಮುಂದಿನ ಜಾತ್ರೆಯನ್ನು ಉಳಿಸಿಕೊಡುವುದು ಕಣದ ಹಿರಿಯರ ಹೊಣೆ. ಆ ಹೊಣೆಯನ್ನು ಹೊರಲು ಬೇಕಾದ ಅಧಿಕಾರ, ನುಡಿ ಮತ್ತು ಕಟ್ಟಳೆಗಳು ಜನಪದದಲ್ಲಿಯೇ ಇವೆ. ಅವುಗಳೊಡನೆ ಇಂದಿನ ವೈದ್ಯಕೀಯ ಅರಿವನ್ನು ಕೂಡಿಸುವ ಕೆಲಸ ಮಾತ್ರ ಉಳಿದಿದೆ.